ಸಕರ್ಮಕ

ಹ್ಯಾಲಿಫ್ಯಾಕ್ಸಿನವರು ನಾವು, ನಮ್ಮೂರ ಹೆಸರಿನ
ಹಕಾರವನ್ನೇ ನುಂಗಿ ನೀರು ಕುಡಿದವರು.
ಬಾಯಿಂದ ಬಿದ್ದದ್ದು ಗಾಳಿಗೆ ಹೋಗುತ್ತದೆ,
ಯಾರೂ ಹುಡುಕುವುದಿಲ್ಲ.
ನನ್ನ ಕಸುಬು ಬೇರೆ. ಉಳಿ ಜಾರಿದರೆ
ನೂರು ವರ್ಷ ಜನ ನಿಂತು ಓದುತ್ತಾರೆ.

ಅದಕ್ಕೇ ನಾನು ಯೋಚಿಸುವುದಿಲ್ಲ.
ಚೀಟಿಯಲ್ಲಿ ಇದ್ದದ್ದು ಕಲ್ಲಿಗೆ.
ಕ್ರ್ಯಾಬ್‌ಟ್ರೀ ಮುದುಕಿ ತಂದದ್ದು ಕಟುಕನಂಗಡಿಯ ರಸೀದಿ:
ಮುಂದೆ ಅರ್ಧ ಪೌಂಡ್ ಲಿವರ್, ಎರಡು ಸಾಸೇಜು,
ಹಿಂದೆ, ಪೆನ್ಸಿಲಿನಲ್ಲಿ, ಗಂಡ.
ಹಿಯರ್ ಲೇಸ್ ನಾರ್ಮನ್ ಕ್ರ್ಯಾಬ್‌ಟ್ರೀ, ಬ್ರಿಕ್‌ಲೇಯರ್.
ಮೂರು ದಿನ ಕೊರೆದೆ. ಎಲ್ಲಿನ ಕಾಲು ಸೊಗಸಾಗಿ ಬಂತು.

ನಿಲ್ಲಿಸಿದ ಮರುದಿನವೇ ಮಿಸ್ ಥ್ಯಾಕ್ರೇ.
ಶಾಲೆ ಬಿಟ್ಟು ಹದಿನೈದು ವರ್ಷವಾದರೂ
ಕೋಟಿನ ಜೇಬಲ್ಲಿ ಸೀಮೆಸುಣ್ಣ.
ತರಕಾರಿ ಅಂಗಡಿಯ ಹಲಗೆಯಲ್ಲಿ
ಆಲೂಗಡ್ಡೆಗೆ ಅಂಟಿದ ಅಪಾಸ್ಟ್ರಫಿಯನ್ನು
ಹೇನು ಹೆಕ್ಕಿದ ಹಾಗೆ ಹೆಕ್ಕುವವರು.
ಲೆಸ್ ಅಲ್ಲ ಫ್ಯೂವರ್ ಎಂದು ಕ್ಯಾಷ್ ಕೌಂಟರಿನಲ್ಲಿ ಹಟ ಹಿಡಿದು
ಹನ್ನೊಂದು ಜನರನ್ನು ಹಿಂದೆ ಕಾಯಿಸಿದವರು.
ನನಗೂ ಕಲಿಸಿದ್ದರು. ನಾನು ಕಲಿಯಲಿಲ್ಲ.

"ಲೇ ಅಲ್ಲ, ಲೈ," ಎಂದರು, ಕಲ್ಲಿನ ಮೇಲೆ ಗೆರೆ ಎಳೆದು.
"ಕೋಳಿ ಮೊಟ್ಟೆ ಇಡುತ್ತದಲ್ಲ, ಅದು ಲೇ.
ಇಟ್ಟಾದ ಮೇಲೆ ಸುಮ್ಮನೆ ಒರಗುತ್ತದಲ್ಲ, ಅದು ಲೈ.
ಲೇ ಸಕರ್ಮಕ. ಕರ್ಮವಿಲ್ಲದೆ ನಿಲ್ಲದು.
ಸತ್ತವನಿಗೆ ಇನ್ನೆಲ್ಲಿಯ ಕರ್ಮ?
ಸತ್ತವನು ಅಕರ್ಮಕ."

ಟೋಪಿ ತೆಗೆದು ನಿಂತೆ, ಮನಸ್ಸಲ್ಲೇ ಲೆಕ್ಕ ಹಾಕಿದೆ:
ಎರಡಕ್ಕೂ ನಾಲ್ಕೇ ಅಕ್ಷರ. ನಡುವಿನ ಎರಡನ್ನು ಕೆತ್ತಿ,
ಕಲ್ಲುಪುಡಿ ಕಲಸಿ ಮೆತ್ತಿ, ಮತ್ತೆ ಕೊರೆದರೆ
ಎರಡು ಚಳಿಗಾಲ ತಡೆದೀತು.

ಅಷ್ಟರಲ್ಲಿ ಬಂದಳು ಹಿಲ್ಡಾ, ಬಕೆಟ್ಟು, ಬ್ರಷ್ಷು.
ಗಂಡನ ಬಾಯಲ್ಲಿ ಐವತ್ತೆರಡು ವರ್ಷ
ಇಲ್ಡಾ ಆಗಿ ಬಾಳಿದವಳು.
ಸುಣ್ಣದ ಗೆರೆ ನೋಡಿದಳು. ಪಾಠ ಕೇಳಿಸಿಕೊಂಡಳು.

"ಲೈ ಅಂದರೆ ಸುಳ್ಳು ಅಂತಲೂ ಅಲ್ಲವೇ, ಟೀಚರ್?
ನಾರ್ಮನ್ ಕುಡಿಯುತ್ತಿದ್ದ, ಗೊರಕೆ ಹೊಡೆಯುತ್ತಿದ್ದ,
ನನ್ನ ತಂಗಿಯ ಮದುವೆಯಲ್ಲಿ ಪಾದ್ರಿಗೆ ಬೈದಿದ್ದ.
ಸುಳ್ಳು ಮಾತ್ರ ಆಡಿದವನಲ್ಲ.
ಅದನ್ನು ತಲೆಯ ಮೇಲೆ ಹೊರಿಸಬೇಡಿ."

"ಅದು ಬೇರೆ ಲೈ, ಹಿಲ್ಡಾ. ರೂಪ ಒಂದೇ, ಧಾತು ಬೇರೆ."

"ದಾರಿಹೋಕರಿಗೆ ಕಾಣುವುದು ರೂಪ ತಾನೆ.
ಮತ್ತೆ, ಕರ್ಮ ಎಲ್ಲಿ ಅಂದಿರಿ. ಅಗೋ."
ಒದ್ದೆ ಬ್ರಷ್ಷನ್ನೇ ಗುಡ್ಡದ ಕೆಳಗೆ ಚಾಚಿದಳು:
ಬಸ್ ಡಿಪೋ, ಗಿರಣಿಯ ಕೊನೆಯ ಚಿಮಣಿ,
ಸಾಂಕ್ರಾಮಿಕದ ಆಸ್ಪತ್ರೆಯ ಉದ್ದ ಗೋಡೆ.
"ನಿಮ್ಮ ಶಾಲೆಯ ಹಿತ್ತಿಲ ಗೋಡೆ ಕೂಡ.
ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟವನು.
ಅದರ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು
ನೀವು ವ್ಯಾಕರಣ ಹೇಳಿದ್ದು."

ಹನಿ ತೊಟ್ಟಿಕ್ಕಿತು ಬ್ರಷ್ಷಿನಿಂದ. ಮಿಸ್ ಥ್ಯಾಕ್ರೇ
ಕರವಸ್ತ್ರಕ್ಕೆ ಉಗುಳು ತಾಗಿಸಿ ಸುಣ್ಣ ಒರೆಸಿದರು,
ಮೂಲೆ ಮೂಲೆಗೂ, ಕರಿಹಲಗೆಗಿಂತ ಶುದ್ಧವಾಗಿ.
ಗೇಟಿನ ಬಳಿ, ನನಗೊಬ್ಬನಿಗೆ ಕೇಳುವಂತೆ:
"ತಪ್ಪು ತಪ್ಪೇ."
ಇರಬಹುದು. ಲೇಸ್ ಎಂದೇ ಉಳಿಯಿತು, ಲೇಸೇ ಆಯಿತು.

ಹೋದ ತಿಂಗಳು ನನ್ನ ಶೆಡ್ಡಿಗೆ ಬಂದರು,
ತಮ್ಮದೇ ಕಲ್ಲಿಗೆ. ಟೈಪು ಮಾಡಿದ ಹಾಳೆ:
ಹೆಸರು, ಹುಟ್ಟಿದ ಇಸವಿ, ಒಂದು ಗೀಟು, ಖಾಲಿ ಜಾಗ.
"ಕ್ರಿಯಾಪದ ಇಲ್ಲವಲ್ಲ," ಎಂದೆ.
"ಎಡವುವುದೆಲ್ಲ ಅಲ್ಲೇ," ಎಂದರು.

ಬಾಗಿಲ ತನಕ ಹೋದವರು ತಿರುಗಿ ಬಂದರು.
ಮಾಡಿಟ್ಟ ಕಲ್ಲುಗಳ ನಡುವೆ ಸ್ವಲ್ಪ ಹೊತ್ತು ನಿಂತರು.
"ಕೆಳಗೆ ಸಣ್ಣದಾಗಿ ಬರಿ. ಕಲಿಸಿದಳು."

"ಏನನ್ನು?" ಎಂದುಬಿಟ್ಟೆ.

ನಲವತ್ತು ವರ್ಷ ತಡವಾಗಿ ಬಂದ ಉತ್ತರಕ್ಕೆ
ಅಂಕ ಕೊಡುವವರಂತೆ ನನ್ನನ್ನೇ ನೋಡುತ್ತ
ಮಿಸ್ ಥ್ಯಾಕ್ರೇ
ಜೇಬಿನಲ್ಲಿ ಸೀಮೆಸುಣ್ಣ ತಡಕಾಡಿದರು.