ಇಶ್ಯೂ ರಿಜಿಸ್ಟರ್

ಮೆಟ್ಟಿಲ ಕೆಳಗಿನ ಕೋಣೆಯ ಬೀಗದ ಕೈ
ಹದಿನಾಲ್ಕು ವರ್ಷದಿಂದ ನನ್ನ ಉಡಿದಾರದಲ್ಲಿದೆ.
ಮೊದಲದು ಆಟದ ಸಾಮಾನಿನ ಕೋಣೆ:
ಹರಿದ ನೆಟ್ಟು, ಉಸಿರು ಬಿಟ್ಟ ವಾಲಿಬಾಲು,
ಮುರಿದ ಡೆಸ್ಕಿನ ಮೇಲೆ
ಯಾರೋ ಕೈವಾರದಲ್ಲಿ ಕೊರೆದು ಬಿಟ್ಟ ಅರ್ಧ ಹೆಸರು.

ಕಮಿಟಿ ಬರುತ್ತದೆಂದು ಒಂದೇ ವಾರದಲ್ಲಿ
ಸುಣ್ಣ ಹೊಡೆಸಿ, ಎರಡು ಕುರ್ಚಿ ಎದುರುಬದುರಿಟ್ಟು
ಬೋರ್ಡು ಬರೆಸಿದರು:
ಆಪ್ತ ಸಮಾಲೋಚನಾ ಕೊಠಡಿ.
ಪೇಂಟರು ಅವಸರದಲ್ಲಿ ತ-ಒತ್ತು ಬಿಟ್ಟಿದ್ದ,
ಎರಡು ತಿಂಗಳು ಬರೀ ‘ಆಪ’ ಎಂದೇ ಇತ್ತು.
ಕಮಿಟಿ ಬಂತು, ಗೋಡಂಬಿ ತಿಂದಿತು, ಹೋಯಿತು.

ಬುಧವಾರ ಎರಡರಿಂದ ನಾಲ್ಕು
ಫ್ಲೇವಿಯಾ ಮೇಡಂ ಬಂದು ಕೂತರು.
ಒಂದು ನರಪಿಳ್ಳೆ ಬರಲಿಲ್ಲ.
ಬರುವುದಾದರೂ ಹೇಗೆ?
ಕ್ಯಾಂಟೀನಿನ ಕಿಟಕಿ ನೆಟ್ಟಗೆ ಆ ಬಾಗಿಲಿಗೆ ಕಣ್ಣಿಟ್ಟಿದೆ.
ಹೊಸ್ತಿಲು ತುಳಿದರೆ ಸಂಜೆಯೊಳಗೆ ‘ಮೆಂಟಲ್’ ಎಂಬ ಬಿರುದು;
ನೀನು ಆಯನೂರಿನ ಬಸ್ಸು ಹತ್ತುವ ಮೊದಲೇ
ಸುದ್ದಿ ಅಲ್ಲಿ ಇಳಿದಿರುತ್ತದೆ.
ಮೇಡಂ ಕಸೂತಿ ಹಾಕಿದರು.
ಒಂದು ದಿಂಬಿನ ಚೀಲ ಮುಗಿಯಿತು.

ತುಂಗೆಯಲ್ಲಿ ಬಂಡೆ ಕಾಣತೊಡಗಿದ ಫೆಬ್ರವರಿ, ಮಧ್ಯಾಹ್ನ,
ಎರಡನೇ ಬಿ.ಎಸ್ಸಿ.ಯ ತಸ್ಕೀನ್ ಬಂದು
‘ಅಣ್ಣಾ, ಶಟಲ್ ಕಾಕ್ ಇದೆಯಾ?’ ಅಂದಳು.
ರ‍್ಯಾಕೆಟ್?
ಬೇಡ.
ಕಾಕಿನ ಡಬ್ಬ ಇರುವುದು
ಮೇಡಂ ಕುರ್ಚಿಯ ಹಿಂದಿನ ಬೀರುವಿನಲ್ಲಿ.
ತರಲು ಹೋದವಳು ಹೊರಬಂದಾಗ ನಾಲ್ಕು ಗಂಟೆ.
ಕಣ್ಣು ತೊಳೆದ ಹಾಗಿತ್ತು.
ಹದಿನಾರು ಗರಿಯಲ್ಲಿ ಒಂದೂ ಮಡಚದಂತೆ
ಕಾಕನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.
ನಾನೇನೂ ಕೇಳಲಿಲ್ಲ. ಬರೆದುಕೊಂಡೆ:
ಶಟಲ್ ಕಾಕ್, ೧.

ಆಮೇಲೆ ಮಾತು ಹೇಗೆ ಹಬ್ಬಿತೋ,
ಕ್ರಿಕೆಟ್ ಬಿಟ್ಟು ಬೇರೆ ಆಟ ಕಂಡಿರದ ಹಾಲೇಶ ಬಂದ,
ಮಾರ್ಕ್ಸ್ ಕಾರ್ಡನ್ನು ನಾಲ್ಕಾಗಿ ಮಡಚಿ ಕಿಸೆಗಿಟ್ಟುಕೊಂಡು.
ಹಾಸ್ಟೆಲ್ಲಿನ ಊಟ ಬಿಟ್ಟು ಕಡ್ಡಿಯಾದ ಕುಂಸಿಯ ಹುಡುಗಿ ಬಂದಳು.
ಎನ್.ಸಿ.ಸಿ. ಬೂಟಿನ ಒಬ್ಬ,
ಪೆರೇಡಿನಲ್ಲಿ ಅವನ ಗಂಟಲು ಕೋಟೆ ರಸ್ತೆಗೆ ಕೇಳುತ್ತದೆ,
ನನ್ನೆದುರು ‘ಕಾಕು’ ಎನ್ನಲು ಮೂರು ಸಲ ಕೆಮ್ಮಿದ.

ಬಾಗಿಲ ಹೊರಗಿನ ಸ್ಟೂಲಿಗೆ ಮಾತು ಕೇಳುವುದಿಲ್ಲ,
ಮೂಗೊರೆಸುವ ಸದ್ದು, ಕುರ್ಚಿ ಸರಿಯುವ ಸದ್ದು,
ಒಮ್ಮೊಮ್ಮೆ ಮೇಡಂ ನಗು.
ಒಂದು ದಿನ ಒಂದು ಮಾತು ಪೂರ್ತಿ ಕೇಳಿಬಿಟ್ಟಿತು.
ಸ್ಟೂಲನ್ನು ಎತ್ತಿ ನಲ್ಲಿಯ ಹತ್ತಿರ ಹಾಕಿಕೊಂಡೆ.
ಆ ಮಾತನ್ನು ಇಲ್ಲಿಯೂ ಬರೆಯುವುದಿಲ್ಲ.

ಮಾರ್ಚಿನ ಸ್ಟಾಕ್ ಲೆಕ್ಕಕ್ಕೆ
ಆಟದ ಮಾಸ್ತರು ವೃಷಭೇಂದ್ರ ಸರ್ ಹೌಹಾರಿದರು:
‘ಅರವತ್ತೊಂದು ಕಾಕು ಹೋಗಿವೆ ಮಾರಾಯಾ,
ನಮ್ಮ ಟೀಮು ಭದ್ರಾವತಿ ದಾಟಿಲ್ಲ!’
ಗೋಡೆಯಾಚೆ ಬೀಳ್ತವೆ ಸರ್, ಅಂದೆ.
ಅವರು ರಿಜಿಸ್ಟರಿನ ಹಾಳೆ ತಿರುವಿದರು,
ಎಲ್ಲಾ ಬುಧವಾರ, ಎಲ್ಲಾ ಒಂದೊಂದೇ,
‘ವಾಪಸು’ ಎಂಬ ಕಾಲಮ್ಮು ಉದ್ದಕ್ಕೂ ಬಿಳಿ.
ಕನ್ನಡಕ ತೆಗೆದರು, ಹಾಕಿದರು.
ಇಂಡೆಂಟಿನಲ್ಲಿ ಆರು ಡಬ್ಬ ಬರೆದು
‘ನೈಲಾನಿನದು ಸಾಕು’ ಅಂದರು.

ಗುರುವಾರ ಬಂದವನೊಬ್ಬನಿದ್ದ.
ಕಾಕು ಕೇಳಿದ. ಬೀಗ ಹಾಕಿತ್ತು,
ನನಗೆ ಆಫೀಸಿನಿಂದ ಕರೆ ಬಂದಿತ್ತು,
ಬುಧವಾರ ಬಾ ಅಂದೆ.
ಸರಿ ಅಣ್ಣ ಅಂದ.
ನೀಲಿ ಬ್ಯಾಗು, ಒಂದೇ ಹೆಗಲಿಗೆ,
ಸವಳಂಗ ರಸ್ತೆಯ ಕಡೆ ನಡೆದ.
ಬುಧವಾರ ಬರಲಿಲ್ಲ. ಅದರ ಮುಂದಿನ ಬುಧವಾರವೂ.
ಏನೂ ಆಗಿರಲಿಕ್ಕಿಲ್ಲ. ಟಿ.ಸಿ. ತಗೊಂಡಿರಬಹುದು,
ಸೆಕ್ಷನ್ ಬದಲಾಗಿರಬಹುದು,
ನಿಜವಾಗಿ ಆಡಲಿಕ್ಕೇ ಕೇಳಿರಬಹುದು.
ಹೆಸರು ಕೇಳಬೇಕಿತ್ತು.

ಅಂದಿನಿಂದ ಅಂಗಿಯ ಕಿಸೆಯಲ್ಲಿ
ಒಂದು ಕಾಕು ಇಟ್ಟುಕೊಂಡೇ ಬರುತ್ತೇನೆ,
ಗರಿಯದು, ನೈಲಾನಿನದಲ್ಲ,
ಸೋಮವಾರ, ಮಂಗಳವಾರ, ಶನಿವಾರದ ಅರ್ಧ ದಿನ ಕೂಡ.
ಒಗೆಯಲು ಕಿಸೆ ತಡವುವ ಹೆಂಡತಿ
ಗರಿಯ ಚೂರು ಹಿಡಿದು ನೋಡುತ್ತಾಳೆ:
ಯಾವ ಹಕ್ಕಿ ಸಾಕಿದ್ದೀರಿ ಕಾಲೇಜಿನಲ್ಲಿ?