ಒಂಬತ್ತರಿಂದ ಎರಡಕ್ಕೆ

ಜಗಳೂರು ರಸ್ತೆಯ ತಗ್ಗುಗಳಿಗೆ ದಿನಕ್ಕೆ ಎರಡು ಟ್ರೇ ಮೊಟ್ಟೆ
ಕಪ್ಪ ಕೊಡುತ್ತಿದ್ದ ಉಜ್ಜಿನಪ್ಪ
ಸೋಮವಾರ ಬೆಳಿಗ್ಗೆ ಜಿಪ್ಸಿ ತಂದು ನಿಲ್ಲಿಸಿದ.
ಹಿಂದಿನ ಸೀಟಿನಲ್ಲಿ ಹಳದಿ ಇನ್ನೂ ಹಸಿ.
"ರ‍್ಯಾಲಿ ಗಾಡಿ ಅಂತ ಅಗ್ಗಕ್ಕ ಸಿಕ್ತಪ,
ಕೂತ್ರ ಬೆನ್ನಿಗೆ ಒನಕೆ ಹಾಕಿದಂಗ ಆಕೈತಿ.
ಶಾಕಪ್ಸರ್‌ಗೆ ತಿರುಪು ಅದಾವಂತ, ಮೆತ್ತಗ ಮಾಡು."

ಹಲಗೆಯ ಮೇಲೆ ಬೆನ್ನಾಗಿ ಒಳಕ್ಕೆ ಜಾರಿದೆ.
ನಾಲ್ಕು ಕೊಳವೆ, ಬುಡಕ್ಕೊಂದೊಂದು ಗುಂಡಿ,
ಗುಂಡಿಯ ಸುತ್ತ ಒಂದರಿಂದ ಒಂಬತ್ತು.
ಒಂದೆಂದರೆ ಹಾಸಿಗೆ, ಒಂಬತ್ತೆಂದರೆ ಬಂಡೆ.
ನಾಲ್ಕೂ ಬಂಡೆಯಲ್ಲೇ ಕೂತಿದ್ದವು,
ಕೆಸರು, ತುಕ್ಕು, ಬಿಳಿಯ ಉಪ್ಪಿನಂಥದ್ದು ಕಟ್ಟಿ
ಗುಂಡಿ ಯಾವುದು ಕೊಳವೆ ಯಾವುದು ತಿಳಿಯದ ಹಾಗೆ.

ತಂತಿ ಬ್ರಷ್ಷಿನಿಂದ ತಿಕ್ಕಿದೆ. ಮಣ್ಣು ಕಣ್ಣಿಗೆ ಬಿತ್ತು.
ಮತ್ತೆ ತಿಕ್ಕಿದೆ.
ಎಡ ಹಿಂದಿನ ಗುಂಡಿಯ ಮೈಮೇಲೆ ಹಲ್ಲಿನ ಗುರುತು,
ಇಕ್ಕಳ ಕಚ್ಚಿದ್ದು:
ನಾಲ್ಕು ಗೆರೆ, ಒಂದು ಖಾಲಿ, ಮತ್ತೆ ಮೂರು ಗೆರೆ.

ಆ ಖಾಲಿ ನನಗೆ ಗೊತ್ತು.
ಹಲ್ಲು ಮುರಿದ ಆ ಇಕ್ಕಳ
ಈಗಲೂ ನನ್ನ ಡಬ್ಬಿಯ ತಳದಲ್ಲಿದೆ.

ಹನ್ನೆರಡು ವರ್ಷದ ಹಿಂದೆ, ದುರ್ಗದ ಗುಡ್ಡದ ಓಟಕ್ಕೆ ಮುಂಚಿನ ರಾತ್ರಿ,
ಬುಡೇನ್‌ಸಾಬರು ನಮಾಜಿಗೆ ಹೋಗಿದ್ದರು.
"ಇನ್ನೂ ಗಟ್ಟಿ, ಇನ್ನೂ ಗಟ್ಟಿ" ಎಂದ ಓಟದ ಹುಡುಗ.
ಮೀಸೆ ಚಿಗುರುತ್ತಿದ್ದ ನಾನು
ಒಂಬತ್ತು ಮುಟ್ಟಿದ ಮೇಲೂ
ಹತ್ತು ಇದ್ದೀತು ಎಂದು ತಿರುಗಿಸಿದೆ.
ಒಳಗೆ ಏನೋ ಕಟಕ್ಕೆಂದಿತು.
ಯಾರಿಗೂ ಕೇಳದಿರಲಿ ಎಂದು ಕೆಮ್ಮಿದೆ.

ಗ್ಯಾಸಿನ ಬೆಂಕಿಗೆ ಕೈ ಹಾಕುವಷ್ಟರಲ್ಲಿ
ಟೈರಿನ ಮೇಲೆ ಚಾ ಆರಿಸುತ್ತ ಕೂತ ಬುಡೇನ್‌ಸಾಬರು:
"ಬೆಂಕಿ ಬ್ಯಾಡ. ಒಳಗ ಎಣ್ಣೆ ಉಸಿರು ಬಿಗಿಹಿಡದೈತಿ, ಸಿಡಿದೀತು.
ಹಿತ್ತಲ ಭಟ್ಟಿಗೆ ಹೋಗು."

ಮಾಬೂಬಿಯ ಮಂಡಕ್ಕಿ ಭಟ್ಟಿಯಲ್ಲಿ
ಅಕ್ಕಿ ಅರಳಿಸಿ ಜರಡಿಯಿಂದಿಳಿದ ಕರಿ ಮರಳು.
ಬಟ್ಟೆಯಲ್ಲಿ ಗಂಟು ಕಟ್ಟಿಕೊಟ್ಟಳು.
"ವಾಪಸ್ ತರ್ಬೇಕು. ಎಣ್ಣೆ ತಾಗ್ಸಿದ್ರ ನೋಡು,
ನಾಳೆ ಊರೆಲ್ಲ ಡೀಸೆಲ್ ನಾರೋ ಮಂಡಕ್ಕಿ ತಿಂತೈತಿ."

ಕೈ ತಾಳುವಷ್ಟು ಆರಿಸಿ, ಪ್ಲಾಸ್ಟಿಕ್ಕು ಸುತ್ತಿ,
ಬಾಣಂತಿಗೆ ಶಾಖ ಕೊಟ್ಟಂತೆ ಕೊಟ್ಟೆ.
ತುಕ್ಕಿನೆಣ್ಣೆ ಎರಡು ಹನಿ. ಕಾದೆ.
ಮರದ ಸುತ್ತಿಗೆಯಿಂದ, ಬಾಗಿಲು ತಟ್ಟುವವನಂತೆ, ಟಕ ಟಕ.
ಮತ್ತೆ ಶಾಖ. ಮತ್ತೆ ಕಾಯುವುದು.
ಉಜ್ಜಿನಪ್ಪ ಎರಡು ಬೆಣ್ಣೆ ದೋಸೆ ತಿಂದು ಬಂದ,
ನಾನಿನ್ನೂ ಬೆನ್ನಾಗಿಯೇ ಇದ್ದೆ.

"ಬಿಚ್ಚೋದಕ್ಕ ಮೊದಲು ಬಿಗಿ ಮಾಡ್ಲೇ, ಕೂದಲೆಳೆಯಷ್ಟು,
ಆಮ್ಯಾಲೆ ಈ ಕಡಿ. ತನಗ ದಾರಿ ಐತಿ ಅಂತ
ಅದಕ್ಕ ಗೊತ್ತಾಗ್ಬೇಕು."

ಅತ್ತ. ಇತ್ತ. ಅತ್ತ.
ಬಲ ಮುಂದಿನದು ಮೊದಲು ಮಿಸುಕಿತು,
ಕಿರ್ರೆಂದು, ಒಲ್ಲದ ಮನಸ್ಸಿನಿಂದ;
ಆಮೇಲೆ ಟಿಕ್.
ಎಂಟು.
ಬೆರಳ ತುದಿಗೆ ಕೇಳುವ ಸದ್ದು ಅದು, ಕಿವಿಗಲ್ಲ.
ಟಿಕ್, ಏಳು. ಟಿಕ್.
ಎರಡಕ್ಕೆ ತಂದು ಬಿಟ್ಟೆ.
ಮಧ್ಯಾಹ್ನದ ಹೊತ್ತಿಗೆ ಮೂರು ಮೆತ್ತಗಾದವು.

ಎಡ ಹಿಂದಿನದು
ಏಳಕ್ಕೆ ಬಂದು ನಿಂತಿತು.
ಮುಂದೆ ಹೋಗಲಿಲ್ಲ, ಹಿಂದಕ್ಕೂ ಇಲ್ಲ.
ಒತ್ತಬಹುದಿತ್ತು. ಒತ್ತಲಿಲ್ಲ.

ಹೊರಗೆ ಬಂದು ಕೈ ಒರೆಸಿಕೊಂಡೆ.
ಬುಡೇನ್‌ಸಾಬರು ಲೋಟದ ತಳ ನೋಡುತ್ತ ಅಂದರು:
"ಅವತ್ತು ನೀ ಕೆಮ್ಮಿದ್ದು ರಸ್ತೆ ತನಕ ಕೇಳಿತ್ತು."

"ಎಷ್ಟಾತು?"
"ಮೂರರ ಕೂಲಿ ಕೊಡು."
"ನಾಕನೇದು?"
"ಅದು ನಂದು."
ಉಜ್ಜಿನಪ್ಪ ಮುಖ ನೋಡಿದ. ಹೇಳಬೇಕೆಂದು ಬಾಯಿ ತೆರೆದೆ,
ಬಂದದ್ದು ಬೇರೆ ಮಾತು:
"ಮೊಟ್ಟೆ ಬಲಕ್ಕಿಡು. ಎಡಕ್ಕ ಈರುಳ್ಳಿ ಹಾಕು."

ಸಂಜೆ ಗಂಟು ಹಿಂದಕ್ಕೆ ಕೊಟ್ಟೆ.
ಮಾಬೂಬಿ ಬಿಚ್ಚಿ, ಮುಷ್ಟಿ ಮರಳು ಎತ್ತಿ, ಮೂಸಿ,
ಏನೂ ಹೇಳದೆ
ಬಾಣಲೆಗೆ ಸುರಿದಳು.