ಕಿಟಕಿ ಮುಚ್ಚಿದ್ದ ನಾಲ್ಕು ದಿನ

ಯಾರ್ಡಿನ ಟೋಕನ್ ಗುಮಾಸ್ತನಿಗೆ
ಚುನಾವಣೆ ಡ್ಯೂಟಿ ಬಿತ್ತು.
ಕಿಟಕಿಗೆ ಬೀಗ. ಬೀಗದ ಮೇಲೊಂದು ಚೀಟಿ:
ಸಹಕರಿಸಿ.

ಹೊರಗೆ ನೂರ ಹದಿನೇಳು ಗಾಡಿ,
ನನ್ನ ಟ್ರ್ಯಾಕ್ಟರೂ ಸೇರಿ.
ಕಾಕಂಬಿಯ ಹುಳಿನಾತ ತಲೆಗೂದಲಿಗೂ ಹತ್ತಿತ್ತು.
ಕಡಿದ ಕಬ್ಬು ಕಾಯುವುದಿಲ್ಲ,
ನಿಂತಷ್ಟೂ ಒಳಗೊಳಗೇ ಬತ್ತಿ ತೂಕ ಇಳಿಯುತ್ತದೆ,
ಕಡಿದವರಿಗೆ ಕೂಲಿ ಟನ್ನಿನ ಲೆಕ್ಕ.
ಬಳ್ಳಾರಿ ಕಡೆಯಿಂದ ಮಂಡ್ಯಕ್ಕೆ ಬಂದ ಹುಲಿಗೆಮ್ಮ
ಒಂದು ಜಲ್ಲೆ ಎಳೆದು ಅಂಗೈಯಲ್ಲಿ ತೂಗಿ
‘ನಿನ್ನಿಗಿಂತ ಹಗುರ ಆತು’ ಅಂದಳು,
ಕೂಸಿನ ಜ್ವರ ನೋಡುವವಳಂತೆ.

ಮೊದಲ ರಾತ್ರಿ ಕೈಕೈ ಮಿಲಾಯಿಸಿದೆವು,
ಸುಳ್ಳು ಯಾಕೆ ಹೇಳಲಿ.
ಒಬ್ಬನ ಹಲ್ಲು ಅಲ್ಲಾಡಿತು, ಇನ್ನೊಬ್ಬನ ಲಾರಿಗಾಜು ಒಡೆಯಿತು.
ಬೆಳಗಾದ ಮೇಲೆ ಯಾರು ಹೇಳಿದರೋ ನೆನಪಿಲ್ಲ,
ಮೊದಲು ಬಂದ ಗಾಡಿ ಅಂತಲ್ಲ,
ಮೊದಲು ಕಡಿದ ಕಬ್ಬು ಮೊದಲು.
ಸೀಮೆಸುಣ್ಣದಲ್ಲಿ ಟೈರಿನ ಮೇಲೆ ನಂಬರು ಬಿತ್ತು.
ಶಾಸಕರ ಷಡ್ಡಕನ ಲಾರಿಗೆ ತೊಂಬತ್ತೆರಡು.
ಡ್ರೈವರು ಫೋನು ತೆಗೆದ, ಸುತ್ತ ನೋಡಿದ, ಜೇಬಿಗಿಟ್ಟ.

ತೂಕದ ಮನೆಯ ಮುನೀರಣ್ಣ
‘ಟೋಕನ್ ಇಲ್ದೆ ತೂಗಿದ್ರೆ ನನ್ ಕೆಲ್ಸ ಹೋಯ್ತದೆ ಕಣ್ರಪ್ಪ’ ಅಂದ,
ಮಧ್ಯಾಹ್ನದ ತನಕ ಟೈರುಗಳನ್ನೇ ನೋಡುತ್ತ ಕೂತ,
ಆಮೇಲೆ ಮಗಳ ಹಳೇ ನೋಟುಪುಸ್ತಕ ತರಿಸಿ
ಗೆರೆ ಎಳೆದ.

ಎರಡನೇ ರಾತ್ರಿ ಬೋರಲಿಂಗ
ಎಂಬತ್ತೊಂದು ಅಳಿಸಿ ಹದಿನೆಂಟು ಬರೆದುಕೊಂಡ.
ಸಿಕ್ಕಿಬಿದ್ದ.
ಹೊಡೀರಿ ಅಂದರು ಕೆಲವರು.
ಇವನ ಒಲೆಗೆ ಬೆಂಕಿ ಕೊಡಬೇಡಿ, ಮಾತು ಬಿಡಿ ಅಂದರು ಕೆಲವರು.
ಆಗ ನಮ್ಮ ಕೇರಿಯ ಚಿಕ್ಕತಾಯಿ ಎದ್ದು ನಿಂತು
‘ಅದೊಂದ್ ಬ್ಯಾಡಿ. ಊರು ನಮ್ಗೆ ಮಾಡಿದ್ದು ಅದನ್ನೇಯ.
ಅದ್ರ ರುಚಿ ಕಂಡಿರೋ ನಾಲ್ಗೆ ಇದು’ ಅಂದಳು.
ತುಂಬ ಹೊತ್ತು ಎತ್ತುಗಳ ಮೆಲುಕು ಮಾತ್ರ ಕೇಳಿಸಿತು.
ಕಡೆಗೆ ಸೀಮೆಸುಣ್ಣ ಬೋರಲಿಂಗನ ಕೈಗೇ ಬಂತು.
ಮರುದಿನದಿಂದ ನಂಬರು ಬರೆಯುವವನು ಅವನೇ,
ಅಕ್ಷರ ದುಂಡಗೆ, ಒಂದೂ ತಪ್ಪಿಲ್ಲ.

ನಾಲೆ ನೀರು, ಮೂರು ಕಲ್ಲು, ಒಂದೇ ದೊಡ್ಡ ಪಾತ್ರೆ.
ಮುದ್ದೆಯ ಪಕ್ಕ ಜೋಳದ ರೊಟ್ಟಿ.
ಯಾರ ಕೈಯಡುಗೆ ಅಂತ ಕೇಳದೆ ಎಲ್ಲರೂ ಉಂಡೆವು ಎನ್ನಲಾರೆ,
ಐದಾರು ಮಂದಿ ಬಿಸ್ಕತ್ತು ತಿಂದು ಮಲಗಿದರು.

ಮೂರನೇ ದಿನ ಜೀಪು ಬಂತು.
ಮೈಕಿನಲ್ಲಿ ಒಬ್ಬ ಸಾಹೇಬ:
ಇಲ್ಲಿ ಅರಾಜಕತೆ ಉಂಟಾಗಿದೆ.
ಅದರ ಹಿಂದೆಯೇ ಎರಡು ಬಾವುಟದ ಎರಡು ಕಾರು,
ನಿಮ್ಮ ಹೋರಾಟಕ್ಕೆ ನಮ್ಮ ಬೆಂಬಲ ಎನ್ನುತ್ತ.
ಹೋರಾಟ ಎಲ್ಲಿ ನಡೀತಿದೆ ಅಂತ ನಾವೂ ತಿರುಗಿ ನೋಡಿದೆವು.
ಹಂಗಂದ್ರೇನು ಎಂದಳು ಹುಲಿಗೆಮ್ಮ, ಆ ಮೊದಲಿನ ಮಾತು.
ರಾಜ ಇಲ್ಲದ್ದು, ಎಂದೆ.
‘ರಾಜ ಇಲ್ಲಂದ್ರ ಸಾರಿಗೆ ಉಪ್ಪು ಹಾಕಬಾರದೇನು?’
ಅನ್ನುತ್ತ ಹಾಕಿದಳು,
ಕೊಂಚ ಜಾಸ್ತಿಯೇ.

ಐದನೇ ಬೆಳಿಗ್ಗೆ ಗುಮಾಸ್ತ ಬಂದ, ಕಣ್ಣ ತುಂಬ ನಿದ್ದೆ.
ಅವನಿಗೂ ಭತ್ಯೆ ಬಂದಿರಲಿಲ್ಲವಂತೆ.
ಬೀಗ ತೆಗೆದು, ಧೂಳು ಊದಿ, ಕಿಟಕಿ ತೆರೆದ.
ಹೇಳಲು ನಾಚಿಕೆ.
ಯಾರೂ ಕರೆಯಲಿಲ್ಲ, ನಾವಾಗಿಯೇ ಓಡಿದೆವು,
ಮೊಣಕೈಯಲ್ಲಿ ತಳ್ಳುತ್ತ, ಕಂಬಿಗೆ ಕೈ ಚಾಚುತ್ತ.
ಚಿಕ್ಕತಾಯಿಯ ಕಾಲು ತುಳಿದದ್ದು ನಾನೇ ಇರಬೇಕು.

ನನ್ನ ಎರಡನೇ ಲೋಡಿಗೆ ಸಿಕ್ಕ ಟೋಕನ್ ಎಂಬತ್ತಾರು.
ಟೈರಿನ ಮೇಲೆ ಬೋರಲಿಂಗನ ಕೈಬರಹ ಹಾಗೇ ಇತ್ತು,
ದುಂಡಗೆ, ಏಳು.
ಮಾರನೇ ದಿನ ನಾಲೆ ಏರಿಯ ಮೇಲೆ ಗಾಡಿ ತೊಳೆದೆ,
ಆ ಒಂದು ಚಕ್ರ ಬಿಟ್ಟು.